ಬಾಗಿಲ ಮೇಲಿನ ‘ನಾಳೆ ಬಾ’

ಕಳೆದ ತಿಂಗಳು ನಮ್ಮ ಅಂಚೆ ಪೆಟ್ಟಿಗೆಗೆ ಬೂದು ಬಣ್ಣದ ಒಂದು ಲಕೋಟೆ ಬಂದಿತ್ತು. ಮೇಲೆ ನಮ್ಮ ನಗರದ ಪೌರತ್ವ ಕಚೇರಿಯ ಮುದ್ರೆ ಇತ್ತು. ಅರ್ಜಿ ಹಾಕಿ 33 ತಿಂಗಳಾದ ಮೇಲೆ ಬಂದ ಕಾಗದವಾದ್ದರಿಂದ ಅದನ್ನು ಮೆಟ್ಟಿಲ ಮೇಲೆ ನಿಂತುಕೊಂಡೇ ಒಡೆಯಲು ಧೈರ್ಯ ಸಾಲದೆ, ಮೇಲೆ ಹೋಗಿ ಊಟದ ಮೇಜಿನ ಮೇಲಿಟ್ಟು, ಹೆಂಡತಿ ಕೆಲಸದಿಂದ ಬರುವವರೆಗೆ ಕಾದೆ. ಒಳಗೆ ಇದ್ದದ್ದು ನಾಲ್ಕು ಸಾಲು. ತಾವು ಸಲ್ಲಿಸಿರುವ ಸಂಬಳದ ಚೀಟಿಗಳು ಹಳೆಯವಾಗಿರುವುದರಿಂದ ಇತ್ತೀಚಿನ ಮೂರು ತಿಂಗಳ ಚೀಟಿಗಳನ್ನೂ, ಕೆಲಸದಲ್ಲಿ ಮುಂದುವರಿದಿದ್ದೀರಿ ಎಂಬುದಕ್ಕೆ ಕಂಪನಿಯ ಪತ್ರವನ್ನೂ ಎರಡು ವಾರದೊಳಗೆ ಕಳುಹಿಸತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಅವು ಯಾರ ಮೇಜಿನ ಮೇಲೆ ಕೂತು ಹಳೆಯವಾದವು ಎಂಬುದನ್ನು ಮಾತ್ರ ಪತ್ರ ಹೇಳಿರಲಿಲ್ಲ.

ನಾನು ಸ್ನಾತಕೋತ್ತರ ಪದವಿಗೆಂದು ದಕ್ಷಿಣ ಜರ್ಮನಿಗೆ ಬಂದದ್ದು 2014ರ ಅಕ್ಟೋಬರಿನಲ್ಲಿ. ಓದು ಮುಗಿದ ಮೇಲೆ ಇಲ್ಲಿಯೇ ಕೆಲಸ ಸಿಕ್ಕಿತು, ಮದುವೆಯಾಯಿತು, 2019ರಲ್ಲಿ ಕಾಯಂ ವಾಸದ ಪರವಾನಗಿಯೂ ಅದೇ ವರ್ಷ ಮಗಳೂ ಬಂದರು. ಆಗಿನ ಕಾಯ್ದೆಯ ಪ್ರಕಾರ ಪೌರತ್ವಕ್ಕೆ ಎಂಟು ವರ್ಷಗಳ ಕಾನೂನುಬದ್ಧ ವಾಸ ಬೇಕಿತ್ತು. ಅದು 2022ರ ಅಕ್ಟೋಬರಿಗೆ ಪೂರ್ತಿಯಾಯಿತು. ಮೂರು ತಿಂಗಳು ಕಾಗದಗಳನ್ನು ಜೋಡಿಸಿ, ತೀರ್ಥಹಳ್ಳಿಯಿಂದ ಜನನ ಪ್ರಮಾಣಪತ್ರ ತರಿಸಿ, ಅದನ್ನು ಅಧಿಕೃತ ಅನುವಾದಕರಿಂದ ಜರ್ಮನ್ ಭಾಷೆಗೆ ಮಾಡಿಸಿ, 2023ರ ಫೆಬ್ರವರಿಯಲ್ಲಿ ಇಬ್ಬರೂ ಅರ್ಜಿ ಸಲ್ಲಿಸಿದೆವು. ಮಗಳನ್ನೂ ಜೊತೆಗೆ ಸೇರಿಸಿದೆವು. ದೊಡ್ಡವರಿಗೆ ತಲಾ 255 ಯೂರೋ, ಚಿಕ್ಕವರಿಗೆ 51 ಯೂರೋ ಶುಲ್ಕ. ಅಷ್ಟೂ ಹಣವನ್ನು ಮುಂಗಡವಾಗಿಯೇ ಕಟ್ಟಿದೆವು. ಆ ವಿಷಯದಲ್ಲಿ ವಿಳಂಬವೇನೂ ಆಗಲಿಲ್ಲ.

ಅರ್ಜಿಗೆ ಮೊದಲು ಒಂದು ಪರೀಕ್ಷೆಯನ್ನೂ ಬರೆದಿದ್ದೆವು. ದೇಶದ ಕಾನೂನು, ಇತಿಹಾಸ, ಸಮಾಜಗಳ ಬಗ್ಗೆ 300 ಪ್ರಶ್ನೆಗಳು ಮತ್ತು ನಾವಿರುವ ರಾಜ್ಯದ ಬಗ್ಗೆ 10 ಪ್ರಶ್ನೆಗಳು ಮೊದಲೇ ಪ್ರಕಟವಾಗಿರುತ್ತವೆ. ಅವುಗಳಲ್ಲಿ 33ನ್ನು ಕೇಳುತ್ತಾರೆ, 17 ಸರಿಯಾದರೆ ಸಾಕು. ನಮ್ಮ ಕಡೆಯ ಹುಡುಗರಿಗೆ ಪ್ರಶ್ನೆಗಳ ಪಟ್ಟಿಯನ್ನು ಮುಂಚೆಯೇ ಕೊಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಪಿಯುಸಿ ಗೈಡಿನಂತೆ ಉರು ಹೊಡೆದು 33ಕ್ಕೆ 33 ತೆಗೆದು, ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ತೆರಿಗೆ ಇಲಾಖೆಯ ಆದೇಶ ತಪ್ಪಾಗಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿದೆ. ಆಕ್ಷೇಪಣೆ ಸಲ್ಲಿಸಬೇಕು ಎಂಬುದು ಉತ್ತರ. ಆದೇಶವೇ ಬಾರದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಮುನ್ನೂರಹತ್ತರಲ್ಲಿ ಒಂದಾಗಿಯೂ ಸೇರಿಸಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜರ್ಮನಿಯ ಪೌರತ್ವ ಕಾಯ್ದೆಯ 10ನೆಯ ಕಲಮಿನಲ್ಲಿ ಷರತ್ತುಗಳನ್ನು ಒಂದೊಂದಾಗಿ ಹೇಳಲಾಗಿದೆ: ವಾಸದ ಅವಧಿ, ಸ್ವಂತ ದುಡಿಮೆ, ಭಾಷೆಯ ಮಟ್ಟ, ಅಪರಾಧವಿಲ್ಲದ ಬಾಳು, ಸಂವಿಧಾನಕ್ಕೆ ಬದ್ಧತೆ. ಇವಿಷ್ಟು ಇದ್ದವನಿಗೆ ಪೌರತ್ವವನ್ನು ಕೊಡಬಹುದು ಎಂದು ಆ ಕಲಮು ಹೇಳುವುದಿಲ್ಲ, ಕೊಡತಕ್ಕದ್ದು ಎನ್ನುತ್ತದೆ. ಆದ್ದರಿಂದ ಇದು ಅಧಿಕಾರಿಯ ಮರ್ಜಿಗೆ ಬಿಟ್ಟ ಉಪಕಾರವಲ್ಲ, ಹಕ್ಕು. ನನ್ನ ದೂರು ಹುಟ್ಟುವುದು ಇಲ್ಲಿಯೇ. ಯಾವಾಗ ಎಂಬುದನ್ನು ಹೇಳದೆ ಕೊಟ್ಟ ಹಕ್ಕು, ನಡೆಯುವಾಗ ಉಪಕಾರದ ಹಾಗೆಯೇ ನಡೆಯುತ್ತದೆ; ಅದನ್ನು ಕೇಳಲು ಹೋದವನು ಹಕ್ಕುದಾರನಾಗಿ ಹೊರಟು ಬೇಡುವವನಾಗಿ ಬಾಗಿಲು ತಲುಪುತ್ತಾನೆ.

ಅರ್ಜಿ ತಲುಪಿದೆ ಎಂಬ ಸ್ವೀಕೃತಿ ಪತ್ರ ಬರುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಕಡತದ ಸಂಖ್ಯೆ ಇತ್ತು. ಅರ್ಜಿಗಳ ಸಂಖ್ಯೆ ವಿಪರೀತವಾಗಿರುವುದರಿಂದ ಕನಿಷ್ಠ 18 ತಿಂಗಳು ಬೇಕಾಗಬಹುದೆಂಬ ಸೂಚನೆ ಇತ್ತು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ದಯವಿಟ್ಟು ಅರ್ಜಿ ಯಾವ ಹಂತದಲ್ಲಿದೆ ಎಂದು ವಿಚಾರಿಸಬೇಡಿ, ವಿಚಾರಣೆಗೆ ಉತ್ತರಿಸುವುದರಿಂದ ಕೆಲಸ ಇನ್ನಷ್ಟು ತಡವಾಗುತ್ತದೆ ಎಂದಿತ್ತು. ವಾದವೇನೋ ತರ್ಕಬದ್ಧವಾಗಿಯೇ ಇದೆ. ಆದರೆ ಅದನ್ನು ಓದಿದಾಗ ನನಗೆ ನೆನಪಾದದ್ದು ತೊಂಬತ್ತರ ದಶಕದ ನಮ್ಮೂರು. ರಾತ್ರಿ ಹೊತ್ತು ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವವೊಂದು ಊರೂರು ತಿರುಗುತ್ತಿದೆ ಎಂಬ ಸುದ್ದಿ ಹಬ್ಬಿ, ಮನೆಮನೆಯ ಬಾಗಿಲ ಮೇಲೂ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವ ಅದನ್ನು ಓದಿ ಹಿಂದಿರುಗುತ್ತದಂತೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಬಾಗಿಲ ಒಳಗೆ ಕೂತು ಆ ಉಪಾಯಕ್ಕೆ ನಗುತ್ತಿದ್ದ ನಾನು, ಬಾಗಿಲ ಹೊರಗೆ ನಿಂತು ಆ ಬರಹವನ್ನು ಓದುವ ಪಾಳಿ ಒಂದು ದಿನ ನನಗೂ ಬರುತ್ತದೆಂದು ಎಣಿಸಿರಲಿಲ್ಲ.

ಕಾಯುವುದು ಎಂದರೆ ಸುಮ್ಮನೆ ಕೂತಿರುವುದು ಎಂದು ದೂರದಿಂದ ನೋಡುವವರಿಗೆ ಅನ್ನಿಸಬಹುದು. ಸಂಗತಿ ಹಾಗಿಲ್ಲ. ಕಡತದಲ್ಲಿರುವ ಕಾಗದಗಳಲ್ಲಿ ಅರ್ಧದಷ್ಟು, ಹಾಲು ಮೊಸರಿನಂತೆ, ದಿನ ಕಳೆದರೆ ಕೆಡುವಂಥವು. ಸಂಬಳದ ಚೀಟಿ ಮೂರು ತಿಂಗಳಿಗೆ ಹಳತಾಗುತ್ತದೆ, ಕಂಪನಿಯ ಪತ್ರವೂ ಅಷ್ಟೇ. ಪಿಂಚಣಿ ವಿಮೆಯ ವಿವರಪಟ್ಟಿ ಹೊಸ ವರ್ಷಕ್ಕೆ ಹೊಸದಾಗಬೇಕು, ಬಾಡಿಗೆ ಹೆಚ್ಚಾದರೆ ಕರಾರಿನ ಪ್ರತಿ ಬದಲಾಗಬೇಕು. ಅಧಿಕಾರಿಯ ಕೈಗೆ ಕಡತ ಬರುವ ಹೊತ್ತಿಗೆ ಇವೆಲ್ಲ ಹಳಸಿರುತ್ತವೆಯಾದ್ದರಿಂದ ಅವರು ಹೊಸದನ್ನು ಕೇಳಿ ಕಡತವನ್ನು ಮತ್ತೆ ಕಪಾಟಿಗೆ ಸೇರಿಸುತ್ತಾರೆ, ನಾವು ಕಳುಹಿಸಿದ ಹೊಸದು ಅವರ ಮೇಜಿಗೆ ತಲುಪಿ ಸರದಿ ಬರುವಷ್ಟರಲ್ಲಿ ಅದೂ ಹಳತಾಗುವ ಸಂಭವವಿರುತ್ತದೆ. ಪೊಲೀಸರಿಂದಲೂ ಸಂವಿಧಾನ ರಕ್ಷಣೆಯ ಗುಪ್ತಚರ ಇಲಾಖೆಯಿಂದಲೂ ಕೇಳಿ ತರಿಸುವ ಅಭಿಪ್ರಾಯಗಳ ಕಥೆಯೂ ಬೇರೆಯಲ್ಲ. ಅವು ಬಂದು ಬಹಳ ಕಾಲವಾಗಿದ್ದರೆ ಮತ್ತೊಮ್ಮೆ ಕೇಳಬೇಕಾಗುತ್ತದೆ. ಹೀಗೆ ವಿಳಂಬವು ತನ್ನ ಹೊಟ್ಟೆಪಾಡಿಗೆ ಬೇಕಾದ ಕೆಲಸವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಒಂದು ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಿದರೆ ಒಮ್ಮೆ ನೋಡಿದರೆ ಸಾಕಾಗುತ್ತಿದ್ದ ಕಾಗದಗಳನ್ನು ಮೂರು ವರ್ಷ ಎಳೆದದ್ದಕ್ಕಾಗಿ ಮೂರು ಸಲ ನೋಡಬೇಕಾಗುತ್ತದೆ, ಮತ್ತು ಹಾಗೆ ಮೂರು ಸಲ ನೋಡಬೇಕಾಗಿ ಬಂದದ್ದನ್ನೇ ಕೆಲಸದ ಹೊರೆ ಎಂದು ಲೆಕ್ಕ ಹಾಕಲಾಗುತ್ತದೆ.

ನನ್ನ ಪಾಸ್‌ಪೋರ್ಟಿನ ಪ್ರಸಂಗ ಇದಕ್ಕಿಂತ ಸೊಗಸಾಗಿದೆ. ಭಾರತದ 1955ರ ಪೌರತ್ವ ಕಾಯ್ದೆಯ 9ನೆಯ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಗಳಿಗೆಯಲ್ಲಿಯೇ ಭಾರತದ ಪೌರತ್ವ ಹೋಗುತ್ತದೆ. ಜರ್ಮನಿಯ ಪ್ರಮಾಣಪತ್ರ ಕೈಗೆ ಬಂದ ಮೇಲೆ ನಮ್ಮ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿ, ಅದಕ್ಕೊಂದು ಪತ್ರ ಪಡೆದು, ಆಮೇಲೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. 2014ರಲ್ಲಿ ಬೆಂಗಳೂರಿನಲ್ಲಿ ಮಾಡಿಸಿದ್ದ ನನ್ನ ಪಾಸ್‌ಪೋರ್ಟಿನ ಹತ್ತು ವರ್ಷ 2024ರ ಜೂನಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಪೌರತ್ವ ಸಿಕ್ಕರೆ ಅದನ್ನು ನವೀಕರಿಸುವ ಪ್ರಮೇಯವೇ ಇಲ್ಲ ಎಂದು ಲೆಕ್ಕ ಹಾಕಿ 2023ರ ಇಡೀ ವರ್ಷವನ್ನು ಕಳೆದೆ. ಕೊನೆಗೆ ಮೇ ತಿಂಗಳಲ್ಲಿ ಒಂದು ದಿನ ರಜೆ ಹಾಕಿ, ರೈಲಿನಲ್ಲಿ ಮೂರು ಗಂಟೆ ಪ್ರಯಾಣ ಮಾಡಿ, ಇಷ್ಟರಲ್ಲೇ ಹಿಂದಿರುಗಿಸಬೇಕಾದ ಪಾಸ್‌ಪೋರ್ಟನ್ನು ಮತ್ತೆ ಹತ್ತು ವರ್ಷಕ್ಕೆ ನವೀಕರಿಸಿಕೊಂಡು ಬಂದೆ. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಅವಧಿಯಾದ್ದರಿಂದ ಮಗಳದ್ದೂ ಅದೇ ವರ್ಷ ಮುಗಿದಿತ್ತು. ಪಾಸ್‌ಪೋರ್ಟ್ ಬದಲಾಯಿತೆಂದರೆ ಇಲ್ಲಿನ ವಾಸದ ಪರವಾನಗಿಯ ಕಾರ್ಡೂ ಬದಲಾಗಬೇಕು, ಅದಕ್ಕೆ ಇನ್ನೊಂದು ಕಚೇರಿಯಲ್ಲಿ ‘ಟೆರ್ಮಿನ್’ ಪಡೆಯಬೇಕು. ಟೆರ್ಮಿನ್ ಎಂದರೆ ಭೇಟಿಯ ಸಮಯ. ಈ ದೇಶದಲ್ಲಿ ಹಾಲು, ರೊಟ್ಟಿ, ನೀರುಗಳ ನಂತರ ಮನುಷ್ಯನಿಗೆ ಬೇಕಾದ ನಾಲ್ಕನೆಯ ವಸ್ತು ಅದು. ಕಾರ್ಡು ಬದಲಾದ ಮೇಲೆ ಹೊಸ ಪಾಸ್‌ಪೋರ್ಟಿನ ಪ್ರತಿಯನ್ನು ಪೌರತ್ವ ಕಚೇರಿಗೆ ಕಳುಹಿಸಿ, ಕಡತಕ್ಕೆ ಸೇರಿಸಿಕೊಳ್ಳಬೇಕಾಗಿ ವಿನಂತಿಸಿದೆವು. ಅದಕ್ಕೆ ಉತ್ತರ ಬರಲಿಲ್ಲ. ವಿಚಾರಿಸಬಾರದೆಂಬ ಆಜ್ಞೆ ಇದ್ದುದರಿಂದ ನಾವೂ ಕೇಳಲಿಲ್ಲ.

ಕಾಗದಗಳ ಗೋಳನ್ನು ಹಣದಿಂದಲೂ ತಾಳ್ಮೆಯಿಂದಲೂ ಸರಿದೂಗಿಸಬಹುದು. ಬದುಕಿನ ನಿರ್ಧಾರಗಳು ನಿಂತುಹೋಗುವುದನ್ನು ಹಾಗೆ ಸರಿದೂಗಿಸಲಾಗದು. 2024ರಲ್ಲಿ ನನಗೆ ಬೇರೊಂದು ಕಂಪನಿಯಿಂದ ಒಳ್ಳೆಯ ಕೆಲಸದ ಕರೆ ಬಂದಿತ್ತು. ಇಲ್ಲಿ ಹೊಸ ಕೆಲಸಕ್ಕೆ ಆರು ತಿಂಗಳ ಪರೀಕ್ಷಾರ್ಥ ಅವಧಿ ಇರುತ್ತದೆ, ಆ ಅವಧಿಯಲ್ಲಿರುವವನ ಅರ್ಜಿಯನ್ನು ಅನೇಕ ಕಡೆ ಅಧಿಕಾರಿಗಳು ಪಕ್ಕಕ್ಕಿಡುತ್ತಾರೆ. ಇನ್ನೇನು ಆಗಿಯೇಬಿಡುತ್ತದೆ, ಈಗ ಯಾಕೆ ಕೆದಕುವುದು ಎಂದುಕೊಂಡು ಆ ಕೆಲಸವನ್ನು ಬಿಟ್ಟುಕೊಟ್ಟೆ. ಆ ಆರು ತಿಂಗಳು ಮುಗಿದು ಒಂದು ವರ್ಷವೇ ಆಗುತ್ತಿತ್ತು ಎಂದು ಈಗ ಲೆಕ್ಕ ಹಾಕುತ್ತಾ ಕೂರುವುದು ವ್ಯರ್ಥ, ಆದರೂ ಹಾಕುತ್ತೇನೆ. ಮನೆಯ ಕಥೆಯೂ ಇಂಥದ್ದೇ. ಮಗಳಿಗೆ ಒಂದು ಕೋಣೆ ಬೇಕಾಗಿ ಹುಡುಕುತ್ತಿದ್ದಾಗ ನದಿಯ ಆಚೆ ದಡದಲ್ಲಿ ಕೈಗೆಟುಕುವ ಬಾಡಿಗೆಯ ಮನೆ ಸಿಕ್ಕಿತು. ಸೇತುವೆ ದಾಟಿದರೆ ಬೇರೆ ಜಿಲ್ಲೆ. ಜಿಲ್ಲೆ ಬದಲಾದರೆ ಅರ್ಜಿಯನ್ನು ವಿಲೇವಾರಿ ಮಾಡುವ ಕಚೇರಿಯೂ ಬದಲಾಗಿ, ಕಡತ ಅಲ್ಲಿಗೆ ಹೋಗಿ, ಅಲ್ಲಿನ ಸಾಲಿನ ಬಾಲಕ್ಕೆ ಸೇರಿಕೊಳ್ಳುತ್ತದೆ ಎಂದು ಹಾಗೆ ಮಾಡಿ ಅನುಭವಿಸಿದವರು ಹೇಳಿದರು. ಏಳು ನಿಮಿಷದ ಸೈಕಲ್ ಹಾದಿಯನ್ನು ದಾಟುವ ಧೈರ್ಯವಾಗದೆ ಎರಡು ಕೋಣೆಯ ಮನೆಯಲ್ಲಿಯೇ ಉಳಿದೆವು.

ಮತದ ಮಾತನ್ನು ಹೇಳದಿದ್ದರೆ ಈ ದೂರು ಅಪೂರ್ಣ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಶಿವಮೊಗ್ಗ ಕ್ಷೇತ್ರದ ಮತದಾನ ಮೇ 7ರಂದು ನಡೆಯಿತು. ಅನಿವಾಸಿಗಳು ಹೆಸರು ನೋಂದಾಯಿಸಿಕೊಳ್ಳಬಹುದಾದರೂ ಮತಗಟ್ಟೆಗೆ ತಾವೇ ಹೋಗಿ ಹಾಕಬೇಕು, ಅದಕ್ಕಾಗಿ ನಾನು ಊರಿಗೆ ಹೋಗಲಿಲ್ಲ. 2025ರ ಫೆಬ್ರವರಿ 23ರಂದು ಜರ್ಮನಿಯ ಸಂಸತ್ತಿಗೆ ಚುನಾವಣೆ ನಡೆದಾಗ, ವಲಸಿಗರನ್ನು ಏನು ಮಾಡಬೇಕು ಎಂಬುದೇ ಎಲ್ಲ ಪಕ್ಷಗಳ ಬಾಯಲ್ಲಿದ್ದ ಆ ಚುನಾವಣೆಯಲ್ಲಿ, ಹನ್ನೊಂದನೆಯ ವರ್ಷದ ತೆರಿಗೆ ಕಟ್ಟುತ್ತಿದ್ದ ವಲಸಿಗನಾದ ನನಗೆ ಮತವಿರಲಿಲ್ಲ. ಯುರೋಪಿನ ಒಕ್ಕೂಟದ ಹೊರಗಿನವರಿಗೆ ಇಲ್ಲಿ ನಗರಸಭೆಯ ಚುನಾವಣೆಯಲ್ಲೂ ಮತವಿಲ್ಲ. ಅರ್ಜಿ 18 ತಿಂಗಳಲ್ಲಿ ಮುಗಿದಿದ್ದರೆ ಆ ಭಾನುವಾರ ಮಗಳ ಶಾಲೆಯ ಜಿಮ್ನಾಸ್ಟಿಕ್ಸ್ ಹಾಲಿನಲ್ಲಿದ್ದ ಮತಗಟ್ಟೆಗೆ ಹೋಗುತ್ತಿದ್ದೆ. ಅದರ ಬದಲು ಅದೇ ಹಾಲಿನ ಮುಂದೆ ಅವಳಿಗೆ ಸೈಕಲ್ ಕಲಿಸಿದೆ. ಪೌರತ್ವಕ್ಕೆ ಕಾಯುವವನು ಪಾಸ್‌ಪೋರ್ಟಿನ ಬಣ್ಣಕ್ಕಾಗಿ ಕಾಯುತ್ತಾನೆ ಎಂದು ನಗುವವರಿದ್ದಾರೆ. ವೀಸಾ ಇಲ್ಲದೆ ಊರೂರು ತಿರುಗುವ ಆಸೆ ನನಗೂ ಇಲ್ಲದಿಲ್ಲ. ಆದರೆ ಆ ದಿನ ಹೊಟ್ಟೆ ಉರಿದದ್ದು ಅದಕ್ಕಲ್ಲ.

ಇಷ್ಟೆಲ್ಲ ತಡವಾಗುವುದು ಏಕೆ ಎಂದು ಸಮಾಧಾನದಿಂದ ಯೋಚಿಸಿದರೆ ಕಾರಣಗಳು ಕಾಣದೆ ಇರುವುದಿಲ್ಲ. 2021ರಲ್ಲಿ ಇಡೀ ದೇಶದಲ್ಲಿ ಪೌರತ್ವ ಪಡೆದವರು ಸುಮಾರು 1.3 ಲಕ್ಷ. 2023ರಲ್ಲಿ ಅದು ಎರಡು ಲಕ್ಷವನ್ನು ಮುಟ್ಟಿತು, 2024ರಲ್ಲಿ 2,91,955ಕ್ಕೆ ಏರಿತು. ಯುದ್ಧದಿಂದ ತಪ್ಪಿಸಿಕೊಂಡು 2015ರ ಆಸುಪಾಸಿನಲ್ಲಿ ಬಂದ ಸಿರಿಯಾದ ಜನರಿಗೆ ಅರ್ಹತೆಯ ವರ್ಷಗಳು ತುಂಬಿದ್ದು ಇದೇ ಕಾಲದಲ್ಲಿ. 2024ರ ಸಂಖ್ಯೆಯಲ್ಲಿ ನಾಲ್ಕರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಅವರದ್ದೇ. ಅಂದರೆ ಕಚೇರಿಗಳು ಕೈಕಟ್ಟಿ ಕೂತಿಲ್ಲ. ಮೊದಲಿಗಿಂತ ಎರಡರಷ್ಟು ಕೆಲಸ ಮಾಡಿಯೂ ಸಾಲು ಕರಗುತ್ತಿಲ್ಲ. ಅದರ ನಡುವೆ 2024ರ ಜೂನ್ 27ರಂದು ಹೊಸ ಕಾಯ್ದೆ ಜಾರಿಗೆ ಬಂದು ಎಂಟು ವರ್ಷದ ಅವಧಿ ಐದಕ್ಕೆ ಇಳಿಯಿತು, ಹಳೆಯ ಪೌರತ್ವವನ್ನು ಇಟ್ಟುಕೊಂಡೇ ಹೊಸದನ್ನು ಪಡೆಯಲು ಅವಕಾಶವಾಯಿತು. ಕಾಯ್ದೆ ಮಾಡುವುದು ಬರ್ಲಿನ್ನಿನ ಸಂಸತ್ತು. ಅದನ್ನು ನಡೆಸಬೇಕಾದದ್ದು ರಾಜ್ಯಗಳು, ನಗರಗಳು, ಜಿಲ್ಲಾಡಳಿತಗಳು. ಬಾಗಿಲನ್ನು ಅಗಲ ಮಾಡಿದವರು ಒಬ್ಬರು, ಬಾಗಿಲಲ್ಲಿ ಕೂತವರು ಇನ್ನೊಬ್ಬರು, ಇವರಿಗೆ ಇನ್ನೆರಡು ಕುರ್ಚಿ ಕೊಡಬೇಕೆಂಬುದು ಅವರಿಗೆ ಹೊಳೆಯಲಿಲ್ಲ.

ಎರಡೂ ಪೌರತ್ವವನ್ನು ಇಟ್ಟುಕೊಳ್ಳಿ ಎಂದು ಜರ್ಮನಿ ಹೇಳಿದರೂ ಭಾರತ ಒಪ್ಪುವುದಿಲ್ಲವಾದ್ದರಿಂದ ಆ ಉದಾರತೆಯಲ್ಲಿ ನಮಗೆ ಸಿಕ್ಕಿದ್ದು ಉದ್ದವಾದ ಸಾಲು ಮಾತ್ರ. ಇದನ್ನು ಒಮ್ಮೆ ಕಹಿಯಾಗಿ ಆಡಿದ್ದೆ. ಆಮೇಲೆ ಆಡಲು ನಾಚಿಕೆಯಾಯಿತು. ನಮ್ಮ ಕೆಳಗಿನ ಮನೆಯಲ್ಲಿರುವ ಟರ್ಕಿಯ ಹಿರಿಯರು 1971ರಲ್ಲಿ, ಎರಡು ದೇಶಗಳ ನಡುವೆ 1961ರಲ್ಲಿ ಆದ ಕೂಲಿಯಾಳುಗಳ ಒಪ್ಪಂದದ ಮೇಲೆ, ಇಲ್ಲಿನ ಲೋಹದ ಕಾರ್ಖಾನೆಗೆ ಬಂದವರು. ಊರಿನ ಪೌರತ್ವವನ್ನು ಬಿಡಲಾರದೆ ಐವತ್ತು ವರ್ಷ ಪರದೇಶಿಯಾಗಿಯೇ ಉಳಿದು, ಹೊಸ ಕಾಯ್ದೆ ಬಂದ ಮರುವಾರ ಅರ್ಜಿ ಹಾಕಿದರು. ಅವರ ತಲೆಮಾರಿನವರಿಗೆ ಲಿಖಿತ ಪರೀಕ್ಷೆಯಿಂದ ವಿನಾಯಿತಿಯೂ ಇದೆ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನಾವಿಬ್ಬರೂ ಕೇಳಿಕೊಳ್ಳುವುದು ಒಂದೇ ಮಾತು: ಏನಾದರೂ ಬಂತೇ? ಇಬ್ಬರ ಜರ್ಮನ್ ಉಚ್ಚಾರಣೆಯೂ ಇಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನನಗೆ ನಲವತ್ತರ ಹತ್ತಿರ, ಅವರಿಗೆ ಎಂಬತ್ತರ ಹತ್ತಿರ. ಕಡತಗಳನ್ನು ಬಂದ ದಿನಾಂಕದ ಕ್ರಮದಲ್ಲಿ ತೆಗೆದುಕೊಳ್ಳುವುದು ನ್ಯಾಯವೇ ಆದರೂ, ಆ ಲೆಕ್ಕದಲ್ಲಿ ನಾನು ಅವರಿಗಿಂತ ಹದಿನೇಳು ತಿಂಗಳು ಮುಂದಿದ್ದೇನೆ ಎಂಬುದು ನನಗೆ ಸಂತೋಷ ಕೊಡುವುದಿಲ್ಲ.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬರ್ಲಿನ್ ನಗರವೇ ಉದಾಹರಣೆ. ಅಲ್ಲಿ ಹನ್ನೆರಡು ವಲಯ ಕಚೇರಿಗಳಲ್ಲಿ ಹಂಚಿಹೋಗಿದ್ದ ಪೌರತ್ವದ ಕೆಲಸವನ್ನು 2024ರ ಜನವರಿ 1ರಿಂದ ಒಂದೇ ವಲಸೆ ಇಲಾಖೆಗೆ ಒಪ್ಪಿಸಿದರು. ಹಳೆಯ ಕಚೇರಿಗಳು ಬಳುವಳಿಯಾಗಿ ಕೊಟ್ಟದ್ದು ಸುಮಾರು 40,000 ಬಾಕಿ ಅರ್ಜಿಗಳು. ಹೊಸಬರು ಸಿಬ್ಬಂದಿಯನ್ನು ಹೆಚ್ಚಿಸಿ, ಅರ್ಜಿಯನ್ನು ಆನ್‌ಲೈನ್ ಮಾಡಿ, ಹಿಂದಿನ ವರ್ಷ ಸುಮಾರು ಒಂಬತ್ತು ಸಾವಿರವಿದ್ದ ಸಂಖ್ಯೆಯನ್ನು ಮೊದಲ ವರ್ಷದಲ್ಲಿಯೇ ಇಪ್ಪತ್ತು ಸಾವಿರ ದಾಟಿಸಿದರು. ಇಷ್ಟು ಬೇಗ ಕೊಡುವುದು ಪೌರತ್ವವನ್ನು ಅಗ್ಗ ಮಾಡಿದಂತೆ ಎಂದು ಆಕ್ಷೇಪಿಸುವವರೂ ಇದ್ದಾರೆ. ತಡವಾಗಿ ಕೊಟ್ಟದ್ದು ಜಾಗರೂಕತೆಯಿಂದ ಕೊಟ್ಟದ್ದೇ ಆಗಿರಬೇಕೆಂಬ ನಂಬಿಕೆ ಅವರದು. ಕಪಾಟಿನಲ್ಲಿ 30 ತಿಂಗಳು ಮಲಗಿದ್ದ ನನ್ನ ಕಡತವನ್ನು ಆ ಅವಧಿಯಲ್ಲಿ ಯಾರು ಜಾಗರೂಕತೆಯಿಂದ ಪರಿಶೀಲಿಸಿದರು ಎಂದು ಅವರನ್ನು ಕೇಳಬೇಕು.

ಕಾನೂನಿನಲ್ಲಿ ಒಂದು ಮದ್ದು ಇದೆ. ‘ಉಂಟೇಟಿಖ್‌ಕೈಟ್ಸ್‌ಕ್ಲಾಗೆ’ ಎಂದು ಅದರ ಹೆಸರು. ಕಚೇರಿ ಏನೂ ಮಾಡದೆ ಕೂತಿದೆ ಎಂದು ಹೂಡುವ ದಾವೆ. ಸಕಾರಣವಿಲ್ಲದೆ ಮೂರು ತಿಂಗಳವರೆಗೆ ಅರ್ಜಿಯನ್ನು ತೀರ್ಮಾನಿಸದಿದ್ದರೆ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು. ನಮ್ಮ ಕನ್ನಡ ಬಳಗದಲ್ಲಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಹ, ಈಗ ನಡೆಯುವ ಮಾತುಕತೆ ಇದೇ: ನಿಮ್ಮದು ಎಷ್ಟು ತಿಂಗಳಾಯಿತು, ದಾವೆ ಹಾಕಿದಿರಾ, ವಕೀಲರು ಯಾರು? ದಾವೆ ಹಾಕಿದ ಇಬ್ಬರಿಗೆ ನಾಲ್ಕೈದು ತಿಂಗಳಲ್ಲಿ ಪ್ರಮಾಣಪತ್ರ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ವಿಚಾರಣೆಯವರೆಗೆ ಹೋಗುವ ಮೊದಲೇ ಕಚೇರಿ ಆ ಕಡತವನ್ನು ಕಪಾಟಿನಿಂದ ಎತ್ತಿಕೊಳ್ಳುತ್ತದೆ. ನ್ಯಾಯಾಲಯದ ಶುಲ್ಕಕ್ಕೆ ನೂರಾರು ಯೂರೋ ಮುಂಗಡ, ವಕೀಲರಿಗೆ ಬೇರೆ. ಗೆದ್ದರೆ ಖರ್ಚು ಕಚೇರಿಯ ತಲೆಗೆ ಬೀಳುತ್ತದೆ. ನಾನೂ ದಾವೆಯ ಕರಡನ್ನು ಬರೆಸಿಟ್ಟುಕೊಂಡು ಹಾಕಲೋ ಬೇಡವೋ ಎಂದು ಒಂದು ವರ್ಷ ತೂಗಾಡಿದ್ದೇನೆ. ನನ್ನನ್ನು ತಡೆಯುವುದು ಅಧಿಕಾರಿಗಳ ಭಯವಲ್ಲ. ದಾವೆ ಹೂಡಿದವನ ಕಡತ ಮೇಲೆ ಬಂದಾಗ, ದಾವೆ ಹೂಡಲು ಹಣವೂ ಭಾಷೆಯೂ ಇಲ್ಲದವನ ಕಡತ ಒಂದು ಮೆಟ್ಟಿಲು ಕೆಳಗೆ ಹೋಗುತ್ತದೆ. ಹಕ್ಕು ತಡವಾದರೆ ಅದು ಉಪಕಾರವಾಗುತ್ತದೆ ಎಂದು ದೂರುವ ನಾನು, ಅದನ್ನು ಹಣ ಕೊಟ್ಟು ಕೊಳ್ಳುವ ವಸ್ತುವಾಗಿ ಮಾಡುವುದರಲ್ಲಿ ಪಾಲುದಾರನಾಗಲೇ? ಹೀಗೆ ಹೇಳಿದರೆ ನನ್ನ ಹೆಂಡತಿ, ನಿಮ್ಮ ನೀತಿಗೆ ನಮ್ಮ ಮೂರು ವರ್ಷ ಖರ್ಚಾಯಿತು ಎನ್ನುತ್ತಾಳೆ. ಅವಳು ಹೇಳುವುದರಲ್ಲೂ ತಪ್ಪಿಲ್ಲ.

ನಮ್ಮ ಕರ್ನಾಟಕದ 2011ರ ಸಕಾಲ ಕಾಯ್ದೆಯನ್ನು ಇಲ್ಲಿನ ಸಹೋದ್ಯೋಗಿಗಳಿಗೆ ವಿವರಿಸಿದಾಗ ಅವರು ನಂಬಲಿಲ್ಲ. ಜಾತಿ ಪ್ರಮಾಣಪತ್ರಕ್ಕೋ ಖಾತೆ ಬದಲಾವಣೆಗೋ ಅರ್ಜಿ ಕೊಟ್ಟರೆ 15 ಅಂಕಿಯ ಸಂಖ್ಯೆ ಸಿಗುತ್ತದೆ, ಇಂತಿಷ್ಟು ದಿನದೊಳಗೆ ಎಂದು ಗಡುವಿರುತ್ತದೆ, ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಕೊಟ್ಟು ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ವಸೂಲು ಮಾಡಬಹುದು. ಕಾಯ್ದೆ ಕಾಗದದಲ್ಲಿ ಇರುವಷ್ಟು ಚೆನ್ನಾಗಿ ನಾಡಕಚೇರಿಯ ಕಿಟಕಿಯಲ್ಲಿ ಇರುವುದಿಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಆದರೂ ಒಂದು ದಿನಾಂಕವಿದೆ, ಆ ದಿನಾಂಕವನ್ನು ತೋರಿಸಿ ಜಗಳವಾಡಬಹುದು. ಗಡಿಯಾರಕ್ಕೆ ಹೆಸರಾದ ಈ ದೇಶದಲ್ಲಿ ನನ್ನ ಕೈಗೆ ಕೊಟ್ಟಿರುವುದು ‘ಇನ್ ಬೆಆರ್‌ಬೈಟುಂಗ್’ ಎಂಬ ಎರಡು ಪದ. ಕೆಲಸ ನಡೆಯುತ್ತಿದೆ ಎಂದು ಅದರ ಅರ್ಥ.

ದಿನಾಂಕದ ಅಗತ್ಯ ನನಗಿಂತ ಹೆಚ್ಚಾಗಿರುವುದು ಅಪ್ಪಯ್ಯನಿಗೆ. ಊರಿನಲ್ಲಿ ಎರಡೂವರೆ ಎಕರೆ ಪಿತ್ರಾರ್ಜಿತ ಅಡಿಕೆ ತೋಟವಿದೆ, ಅಣ್ಣನಿಗೂ ನನಗೂ ಸೇರಿದ್ದು. ಓಸಿಐ ಆದವರು ಭಾರತದಲ್ಲಿ ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ, ಆದರೆ ವಾರಸುದಾರರಾಗಿ ಪಡೆಯಬಹುದು. ಈ ವಿಷಯದಲ್ಲಿ ಅನಿವಾಸಿ ಭಾರತೀಯನ ಸ್ಥಿತಿಯೂ ಬೇರೆಯಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಅಪ್ಪಯ್ಯನಿಗೆ ಸಮಾಧಾನವಿಲ್ಲ. ಮಗ ಪರದೇಶದವನಾದ ಮೇಲೆ ಪಹಣಿಯಲ್ಲಿ ಹೆಸರು ಕೂರಿಸುವುದು ಕಿರಿಕಿರಿ ಎಂದು ಪೇಟೆಯ ಪತ್ರ ಬರಹಗಾರರು ಅವರ ಕಿವಿಗೆ ಹಾಕಿದ್ದಾರೆ. ಹಾಗಾಗಿ ನಾನು ಇನ್ನೂ ಭಾರತದವನಾಗಿರುವಾಗಲೇ ವಿಭಾಗ ಪತ್ರ ನೋಂದಣಿ ಆಗಿಬಿಡಬೇಕು ಎಂಬುದು ಅವರ ಹಟ. ಅದಕ್ಕೆ ಸರ್ವೆ ಆಗಿ, ಪಾಲುಗಳ ಗಡಿ ತೋರಿಸುವ 11ಇ ನಕ್ಷೆ ಬರಬೇಕು, ನಾನು ರಜೆ ಹಾಕಿ ಊರಿಗೆ ಬಂದು ರುಜು ಹಾಕಬೇಕು. ನಿನ್ನದು ಯಾವಾಗ ಆಗ್ತದೆ ಹೇಳು, ಅದರ ಹಿಂದೆ ಮುಂದೆ ನೋಡಿಕೊಂಡು ಮಾಡಾಣ ಎಂದು ಅವರು ಎರಡು ವರ್ಷದಿಂದ ಕೇಳುತ್ತಿದ್ದಾರೆ. ಜರ್ಮನಿಯ ಸರ್ಕಾರಕ್ಕೇ ಗೊತ್ತಿಲ್ಲ ಎಂದರೆ, ಅವರಿಗೆ ಗೊತ್ತಿರದೆ ಮತ್ಯಾರಿಗೆ ಗೊತ್ತಿರ್ತದೆ ಎಂದು ನನ್ನನ್ನೇ ಗದರಿಸುತ್ತಾರೆ.

ಕಚೇರಿ ಕೇಳಿದ ಮೂರು ಸಂಬಳದ ಚೀಟಿಗಳನ್ನೂ ಕಂಪನಿಯ ಪತ್ರವನ್ನೂ ನಾಲ್ಕನೆಯ ದಿನವೇ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆ. ತಲುಪಿದೆ ಎಂದು ಅಂಚೆಯವರ ಚೀಟಿ ಬಂದಿದೆ, ಕಚೇರಿಯಿಂದ ಏನೂ ಬಂದಿಲ್ಲ. ಫೆಬ್ರವರಿ ಮುಗಿಯುವವರೆಗೆ ಆ ಚೀಟಿಗಳು ಹಳತಾಗುವುದಿಲ್ಲ ಎಂದು ಲೆಕ್ಕ ಹಾಕಿಟ್ಟುಕೊಂಡಿದ್ದೇನೆ. ದಾವೆಯ ಕರಡು ಈಗ ಹೆಂಡತಿಯ ಮೇಜಿನ ಖಾನೆಯಲ್ಲಿದೆ.

ನಿನ್ನೆ ಸಂಜೆ ಅಪ್ಪಯ್ಯ ಫೋನ್ ಮಾಡಿದ್ದರು. ಕೊಯ್ಲು ಶುರುವಾಗಿದೆ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಎರಡು ದಿನ ತಪ್ಪಿಸಿದ್ದಾನೆ ಎಂದು ಬೈದುಕೊಂಡು, ಆಮೇಲೆ ದನಿ ತಗ್ಗಿಸಿ, ಸರ್ವೆಯವರು ಅರ್ಜಿ ಕೊಟ್ಟ ಐದು ತಿಂಗಳಿಗೆ ಬಂದು ಅಳೆದು ಹೋದರೆಂದೂ 11ಇ ನಕ್ಷೆ ಕೈಗೆ ಬಂದಿದೆಯೆಂದೂ ಹೇಳಿದರು. “ನಮ್ಮದಂತೂ ಬಂತು ಮಾರಾಯ. ನಿಂದೆಂತ ಆಯ್ತು?”